ಸೋಫಾದಿಂದ ಐದು ಕಿಲೋಮೀಟರ್

"ಒಂಬತ್ತ ವಾರ ಸಾಕು ವೈನಿ, ಬರೇ ಒಂಬತ್ತ ವಾರ!" ಶಕ್ಕು ಮೊಬೈಲ್ ನನ್ನ ಮೂಗಿಗೆ ತಂದು ಹಿಡದ್ಲು. "'ಕೌಚ್ ಟು ಫೈವ್ ಕೆ' ಅಂತ, ಓಡೂದು ಕಲಸೂ ಪ್ಲ್ಯಾನ್. ಸೋಫಾದ ಮ್ಯಾಲೆ ಕೂತಾಕಿ ಎದ್ದು ಐದು ಕಿಲೋಮೀಟರ್ ಓಡ್ತಾಳ. ವಾರಕ್ಕ ಮೂರ ದಿವ್ಸ, ಅರ್ಧಾ ತಾಸು. ಜಗತ್ತೆಲ್ಲಾ ಓಡ್ಲಿಕತ್ತದ."

"ಜಗತ್ತಿನ ಎಲ್ಲಾರ ಮನ್ಯಾಗೂ ಸೋಫಾ ಖಾಲಿ ಇರ್ತದೇನು?" ಅಂದೆ.

ಸಾಧನಕೇರಿ ಪಾರ್ಕಿನ್ಯಾಗ ಸಂಜೀಕ ಹುಡುಗ್ರನ್ನ ಜಾರುಬಂಡಿಗೆ ಬಿಟ್ಟು ಕೂಡೂದು ನಮ್ಮ ರೂಢಿ. ಹೋದ ತಿಂಗಳ ತನಾ ನಾವು ನಳಾ ಯಾವಾಗ ಬರ್ತದ, ಜ್ವಾಳಾ ಎಲ್ಲೆ ಚೊಲೋ ಸಿಗ್ತಾವ, ಇಂಥಾ ಮರ್ಯಾದಸ್ಥ ವಿಷಯ ಮಾತಾಡ್ತಿದ್ವಿ. ಈಗ ಶಕ್ಕುಗ ಓಡೂ ಹುಚ್ಚು ಹಿಡದದ. ದಿನಾ ಮುಂಜಾನೆ ಆಕಿ ಸ್ಟೇಟಸ್ಸಿನ್ಯಾಗ ಒಂದು ನಕಾಶಾ. ಯುನಿವರ್ಸಿಟಿ ಗುಡ್ಡದ ಸುತ್ತ ಒಂದು ಕೆಂಪು ಗೆರಿ, ಕೆಳಗ ಬೆವರಿದ ಮಾರಿ, ಅದರ ಕೆಳಗ ಇಂಗ್ಲೀಷಿನ್ಯಾಗ ಒಂದು ಸುಭಾಷಿತ: ಮನಸ್ಸಿದ್ರ ನೀವೂ ಏಳಬಹುದು ಅಂತ. ಮನಸ್ಸೇನೋ ಅದ. ನಸಿಕಿನ್ಯಾಗನ ಎದ್ದು ಕೂತಿರ್ತದ. ಆದ್ರ ಚೂಡಿದಾರದ ತುದಿ ಎರಡು ವರ್ಷದ ಮಗನ ಮುಷ್ಟ್ಯಾಗ ಸಿಕ್ಕಿರ್ತದ. ಅದನ್ನ ಬಿಡಸೂ ಆ್ಯಪ್ ಇನ್ನೂ ಬಂದಿಲ್ಲ.

"ನಿಮ್ಮದು ಬರೇ ನೆವಾ," ಅಂದ್ಲು ಶಕ್ಕು. ಆಕಿ ಮನ್ಯಾಗ ಅತ್ತಿ ಇದ್ದಾರ, ಅನ್ನಬಹುದು.

"ನೆವಾ ಅಲ್ಲವಾ. ನಮ್ಮ ಮನಿ ಸೋಫಾದ ಬಣ್ಣ ಯಾವದು ಅಂತ ಕೇಳಿದ್ರ ನನಗ ನೆನಪಿಲ್ಲ. ಅದರ ಮ್ಯಾಲೆ ಒಗದ ಅರಿವಿ. ಅರಿವಿ ಮ್ಯಾಲೆ ಮಗಳ ಬಣ್ಣದ ಪೆಟಗಿ. ಬಾಜೂಕ ಉಳದ ಗೇಣ ಜಾಗಾದಾಗ ನಮ್ಮನಿಯವರು, ಪೇಪರ್ ಹಿಡಕೊಂಡು. ಸೋಫಾದಿಂದ ಶುರು ಮಾಡಬೇಕಂದ್ರ ಮೊದಲ ಸೋಫಾಕ್ಕ ಹೋಗಿ ಮುಟ್ಟಬೇಕಲಾ? ಅದಕ್ಕ ಒಂಬತ್ತ ವಾರದ್ದು ಏನರ ಇದ್ರ ಹೇಳು. ಮೊದಲನೇ ವಾರ, ಸೋಫಾದ ಕೈ ಹಿಡಕೊಂಡು 60 ಸೆಕೆಂಡ್ ನಿಂದ್ರೂದು. ನಾಕನೇ ವಾರ, ಕುಕ್ಕರ್ ಸೀಟಿ ಹೊಡ್ಯೂ ತನಾ ತುದೀಗೆ ಕೂಡೂದು. ಒಂಬತ್ತನೇ ವಾರ, ಚಾ ಆರೂದರೊಳಗ ಕುಡ್ಯೂದು."

"ಕೂತು ಬೆನ್ನ ಹಚ್ಚಬಹುದೇನ್ರೀ ವೈನಿ?" ಪದ್ದಿ ಕೇಳಿದ್ಲು. ಆಕಿ ತೊಡೀ ಮ್ಯಾಲೆ ಏಳು ತಿಂಗಳ ಕೂಸು, ಆಕಿ ಮಂಗಳಸೂತ್ರ ಚೀಪ್ಲಿಕತ್ತಿತ್ತು.

"ಬೆನ್ನ ಹಚ್ಚೂದು ಮ್ಯಾರಥಾನ್ ಪದ್ದಿ. 42.195 ಕಿಲೋಮೀಟರ್. ಎಲ್ಲಾರ ಕೈಲಿಂದ ಆಗೂದಲ್ಲ."

ಶಕ್ಕು ಬಿಡೂಹಾಂಗ ಕಾಣ್ಲಿಲ್ಲ. "ಕೇಳ್ರಿ ಒಂದೀಟು. ಮೊದಲ ಐದು ಮಿನಿಟು ಬಿರಬಿರನ ನಡ್ಯೂದು. ಆಮ್ಯಾಲೆ 60 ಸೆಕೆಂಡ್ ಓಡೂದು, 90 ಸೆಕೆಂಡ್ ನಡ್ಯೂದು. ಮತ್ತ 60, ಮತ್ತ 90. ಇಪ್ಪತ್ತ ಮಿನಿಟು. ಮೊದಲನೇ ವಾರ ಇಷ್ಟ."

"60 ಸೆಕೆಂಡ್ ಓಡೂದು ಬಿಡು, ಹಾಲು ಉಕ್ಕಿದ್ರ ನಾ ಹಂಗೂ ಓಡ್ತೀನಿ. ಆ 90 ಸೆಕೆಂಡ್ ಹೇಳು. ಬರೇ ನಡ್ಯೂದು?"

"ಬರೇ ನಡ್ಯೂದು."

"ಯಾರೂ ಅವ್ವಾ ಅನ್ನಂಗಿಲ್ಲ?"

"ಯಾರಿರ್ತಾರ ಅಲ್ಲೆ?"

"ಅದಕ್ಕ ರೊಕ್ಕಾ ಎಷ್ಟು?"

"ಫುಕಟ್!"

ಪದ್ದಿ ಕೂಸಿನ ಬಾಯಾಗಿಂದ ಮಂಗಳಸೂತ್ರ ಬಿಡಿಸಿ, ಎಲ್ಲೆ ನೋಡ್ಲಿಕತ್ತೇನಿ ಅನ್ನೂದು ತಿಳೀಲಾರ್ದ ಹಂಗ ಕೆರಿ ಕಡೆ ನೋಡಕೋತ ಕೂತ್ಲು. ನಾನೂ ನೋಡಿದೆ. ಸುಳ್ಳ ಯಾಕ ಹೇಳ್ಲಿ.

ಗಂಗಕ್ಕಗ ಮಾತ್ರ ಇದು ಸೇರಲಿಲ್ಲ. "ನಮ್ಮ ಕಾಲದಾಗ ಹೆಣ್ಮಗಳು ಓಡ್ಯಾಳಂದ್ರ ಹಿಂದ ಎಮ್ಮಿ ಬಂದಿರಬೇಕು, ಇಲ್ಲಾ ಮುಂದ ಬಸ್ಸು ಹೋಗಿರಬೇಕು. ಸುಮ್‌ಸುಮ್ನ ಓಡಿದ್ರ ಏನಾತು, ಯಾರಿಗೆ ಏನಾತು ಅಂತ ಓಣಿ ಓಣೀನ ಹಿಂದ ಓಡಿ ಬರ್ತಿತ್ತು."

"ನಿಮ್ಮ ಕಾಲಕ್ಕಿಂತ ಮೊದಲನ ಓಡ್ಯಾರ ಗಂಗಕ್ಕ," ಅಂದ್ಲು ಶಕ್ಕು. "1948ರ ಲಂಡನ್ ಒಲಿಂಪಿಕ್ಸಿನ್ಯಾಗ ಫ್ಯಾನಿ ಬ್ಲ್ಯಾಂಕರ್ಸ್ ಕೂನ್ ಅಂತ ಹಾಲೆಂಡಿನಾಕಿ. ಎರಡು ಮಕ್ಕಳ ತಾಯಿ, ಮೂವತ್ತ ವರ್ಷದಾಕಿ. ನಾಕು ಬಂಗಾರದ ಪದಕಾ ತಗೊಂಡ್ಲು!"

"ಆಕಿಗೆ ಕಲಸಾಂವ ಯಾರಿದ್ದ, ಅದನ್ನೂ ಹೇಳು," ಅಂದೆ. "ಆಕಿ ಗಂಡನ ಆಕಿ ಕೋಚು. ಮೈದಾನದಾಗ ಗಡಿಯಾರ ಹಿಡಕೊಂಡು ನಿಂತಿರ್ತಿದ್ದ. ನಮ್ಮನಿಯವರೂ ಗಡಿಯಾರ ಹಿಡೀತಾರ ಬಿಡು. ಒಂಬತ್ತಾತು, ಡಬ್ಬಿ ಆಗಿಲ್ಲೇನು ಅಂತ."

ಆದ್ರ ಶಕ್ಕು ಆಡಿದ್ದು ಪದ್ದಿಗೆ ನಾಟಿತ್ತು. ಕೂಸನ್ನ ಭುಜಕ್ಕ ಹಾಕ್ಕೊಂಡು, ಹತ್ರ ಸರದು, ಗಂಡಸರ್ಯಾರೂ ಇಲ್ಲ ಅಂತ ನೋಡಿ ಸಣ್ಣ ದನಿಲೆ ಅಂದ್ಲು: "ನನಗ ಓಡೂ ಮಾತ ದೂರ ಉಳೀತ್ರಿ. ಸೀನಿದ್ರನ ಹೆದರಿಕಿ ಆಗ್ತದ. ಎರಡನೇದ್ದು ಹಡದಾಗಿಂದ..."

ಇಷ್ಟೊತ್ತು ಕುಣೀಲಿಕತ್ತಿದ್ದ ಶಕ್ಕು ಮೊಬೈಲ್ ಕೆಳಗ ಇಟ್ಲು. ಆಕಿಗೆ ಹುಚ್ಚು ಹಿಡದದ ಅಂದೆನಲಾ, ಹುಚ್ಚಿನ್ಯಾಗೂ ಒಂದಿಷ್ಟು ಓದ್ಯಾಳ. "ನನಗೂ ಹಂಗ ಆಗಿತ್ತು. ಹಡದು ಕಮ್ಮೀತ ಕಮ್ಮಿ ಮೂರು ತಿಂಗಳ ಓಡಬ್ಯಾಡ ಅಂತಾರ. ಹೊಟ್ಟಿ ತಳದಾಗಿನ ಸ್ನಾಯು ಸಡಲ ಆಗಿರ್ತಾವ. ಅವನ್ನ ಬಿಗಿಹಿಡದು ಬಿಡೂ ವ್ಯಾಯಾಮ ಅವ, ಮೊದಲ ಅದನ್ನ ಮಾಡಬೇಕು. ಆಮ್ಯಾಲೂ ಸೋರಿದ್ರ ಫಿಜಿಯೋಥೆರಪಿಯವರ ಕಡೆ ಹೋಗೂದು. ಭಾಳ ಮಂದಿಗೆ ಆಗ್ತದ, ಆದ್ರ ಆಗ್ತದಂತ ಸಹಿಸಿಕೊಂಡು ಕೂಡಬಾರದು."

"ನಮಗ ಇದನ್ನ ಯಾರೂ ಹೇಳ್ಲಿಲ್ಲ ನೋಡ್ರಿ," ಅಂದ್ಲು ಗಂಗಕ್ಕ. "ಬಾಣಂತಿ ಕ್ವಾಣ್ಯಾಗ ಲೋಬಾನ ಹಾಕಿದ್ರು, ಅಂಟಿನುಂಡಿ ತಿನಿಸಿದ್ರು, ಕಿವ್ಯಾಗ ಹತ್ತಿ ತುರುಕಿದ್ರು. ಇದೊಂದು ಹೇಳ್ಲಿಲ್ಲ. ಇವತ್ತಿಗೂ ಸೀನ ಬಂದ್ರ ಮೊದಲ ಗ್ವಾಡಿ ಹಿಡಕೋತೇನಿ."

ನಾವು ನಕ್ವಿ. ಆಕೀನೂ ನಕ್ಕಳು, ಒಂದೀಟು ತಡದು.

ಮಾತು ಬ್ಯಾರೆ ಕಡೆ ಹೊರಳಿಸಲಿಕ್ಕೆ ಅಂತ ಆಕಿನ ತನ್ನ ಕೈಗಡಿಯಾರದ ಸುದ್ದಿ ತಗದ್ಲು. ಪುಣೆದಾಗಿರೂ ಮಗಾ ಕಳಿಸಿದ್ದು, ಹೆಜ್ಜಿ ಎಣಸೂದು. "ಒಂದಿನ ಕಟಿಗೊಂಡು ಭಕ್ರಿ ಬಡ್ಯಾಕ ಕುಂತಿದ್ದೆ. ಒಂದ ಹೆಜ್ಜಿ ಇಟ್ಟಿಲ್ಲ, ಒಲಿ ಮುಂದಿಂದ ಎದ್ದಿಲ್ಲ. ಎಂಟನೇ ಭಕ್ರಿಗೆ ಕೈಯಾಗ ಗುಂಯ್ ಅಂತು. ಶಾಭಾಶ್, ಇಷ್ಟು ಸಾವಿರ ಹೆಜ್ಜಿ ನಡದಿ ಅಂತ! ತಗದು ಡಬ್ಬ್ಯಾಗ ಇಟ್ಟೀನಿ."

"ಡಬ್ಬ್ಯಾಗ ಯಾಕ ಇಟ್ರಿ, ನನಗ ಕೊಡ್ರಿ," ಅಂದೆ. "ಭಕ್ರಿ ಲೆಕ್ಕದಾಗ ಧಾರವಾಡದಿಂದ ಹುಬ್ಬಳ್ಳಿಗೆ ಮುಟ್ಟಿ, ಚಿಗರಿ ಬಸ್ಸಿಗೆ ರೊಕ್ಕಾ ಉಳಸ್ತೀನಿ. ಹಂಗೂ ದಿನಾ ಹತ್ತ ಸಾವಿರ ಹೆಜ್ಜಿ ನಡೀಬೇಕು ಅನ್ನೂ ಲೆಕ್ಕ ಯಾವ ಡಾಕ್ಟರೂ ಕಂಡು ಹಿಡದದ್ದಲ್ಲ. 1965ರಾಗ ಜಪಾನಿನ್ಯಾಗ ಹೆಜ್ಜಿ ಎಣಸೂ ಯಂತ್ರ ಮಾರಲಿಕ್ಕೆ ತಗದದ್ದು."

ಕಡೀಕ ಪದ್ದಿನ ದಾರಿ ತಗದ್ಲು. ಮುಂಜಾನೆ ಬ್ಯಾಡ. ಹೆಂಗೂ ಸಂಜೀಕ ಇಲ್ಲೆ ಬರ್ತೀವಿ. ವಾರಕ್ಕ ಮೂರ ದಿವ್ಸ ನಾ ಮತ್ತ ಶಕ್ಕು ಓಡೂದು, ಪದ್ದಿ ತನ್ನ ಆ ಬಿಗಿಹಿಡಿಯೂ ವ್ಯಾಯಾಮ ಮುಗಿಯೂ ತನಾ ಬಿರಬಿರನ ನಡ್ಯೂದು, ಅಷ್ಟೊತ್ತು ಹುಡುಗ್ರನ್ನ ಗಂಗಕ್ಕ ನೋಡ್ಕೊಳ್ಳೂದು. ಮಳಿ ಇದ್ರ ಸೂಟಿ, ನಳಾ ಬಂದ್ರ ಸೂಟಿ. ಧಾರವಾಡದ ಜಿಟಿಜಿಟಿ ಮಳಿ ಲೆಕ್ಕಾ ಹಿಡದ್ರ ಒಂಬತ್ತ ವಾರದ್ದು ದೀಪಾವಳಿಗೆ ಮುಗೀಬಹುದು. ಗಂಗಕ್ಕನೂ ಹೂಂ ಅಂದ್ಲು. ನನಗ ಏನ ಬ್ಯಾನಿ ಇತ್ತೋ, ಅಷ್ಟಕ್ಕ ಬಿಡಬೇಕಿಲ್ಲೋ?

"ಶಕ್ಕು, ಇದನ್ನ ಮಾಡಿದಾಂವ ಯಾವಾಂವ? ಅಂವಗ ಹುಡುಗ್ರು ಇದ್ವೇನು?"

"ಜಾಶ್ ಕ್ಲಾರ್ಕ್ ಅಂತ, ಅಮೇರಿಕಾದಾಂವ. 1996ರಾಗ ಮಾಡಿದ್ದು. ತನ್ನ ಅವ್ವನ ಸಲುವಾಗಿ ಮಾಡಿದ್ನಂತ."

"ಅವ್ವಗ ವಯಸ್ಸೆಷ್ಟು ಆಗ?"

"ಐವತ್ತ ದಾಟಿತ್ತಂತ."

"ಹಾಂ! ಅನ್ನು ಮತ್ತ! ಮಗಾ ಬೆಳದು ದೊಡ್ಡಾಂವಾಗಿ, ಮನಿ ಖಾಲಿ ಆಗಿ, ಸೋಫಾ ಸಿಕ್ಕದ ಆಕಿಗೆ! ನನ್ನ ಮಗಗ ಇನ್ನ ಎರಡು ವರ್ಷ. ಅಂವಾ ಬೆಳದು, ಅವ್ವ ಕೂತಕೂತ ದಪ್ಪ ಆಗ್ಯಾಳ ಅಂತ ಅಂವಗ ಚಿಂತಿ ಹತ್ತೂ ತನಾ ನಾ ತಡೀತೀನಿ ತಗೊ."

ಗಂಗಕ್ಕ ಮಾತಾಡ್ಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಕೋತ ಕೂತಿದ್ಲು. ಆಮ್ಯಾಲೆ ಶಕ್ಕುನ ಮೊಬೈಲ್ ತಗೊಂಡು ಹಿಂದ ಮುಂದ ತಿರುವಿ ನೋಡಿದ್ಲು. "ಐವತ್ತ ದಾಟಿದ ಅವ್ವ ಅಂದ್ರ, ಇಲ್ಲಿ ನಾ ಒಬ್ಬಾಕೀನ ಅಲಾ? ಸೋಫಾನೂ ಐತಿ. ನಮ್ಮ ಹುಡುಗ ಈ ಐತವಾರ ಫೋನ್ ಮಾಡಿದ್ರ ಬೂಟಿಗೆ ಹೇಳ್ತೇನಿ. ಇದನ್ನ ನನ್ನ ಫೋನಿಗೂ ಹಾಕಿ ಕೊಡವಾ ಶಕ್ಕು."

"ಅಯ್ಯ, ಮತ್ತ ಹುಡುಗ್ರನ್ನ ನೋಡೋರು ಯಾರ್ರೀ ಗಂಗಕ್ಕ?" ಮೂರೂ ಮಂದಿ ಒಂದ ಸಲ ಅಂದ್ವಿ.

"ನನ್ನವನ್ನ ನಾ ನೋಡೇನಿ. ನಿಮ್ಮವನ್ನ ನೀವು ನೋಡ್ಕೋರಿ."