ಕ್ರೂಸ್‌ನಲ್ಲಿ ರಾತ್ರಿಯೂಟ: ನಿಗದಿತ ಪಂಕ್ತಿಯೇ, ಬೇಕಾದಾಗ ಹೋಗುವ ವ್ಯವಸ್ಥೆಯೇ?

ಹಾಯಿದೋಣಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಏಳು ಜನ ಮೊದಲ ಬಾರಿಗೆ ಒಂದು ವಾರದ ಕ್ರೂಸ್ ಪ್ರಯಾಣಕ್ಕೆ ಹೊರಡಲಿದ್ದೇವೆ: ನಾನು, ನನ್ನ ಪತ್ನಿ, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ನನ್ನ ತಂದೆ ತಾಯಿ, ಜೊತೆಗೆ ಅಕ್ಕ ಮತ್ತು ಭಾವ. ಕ್ಯಾಬಿನ್‌ಗಳು ಮೂರು, ಬುಕಿಂಗ್ ಸಂಖ್ಯೆಗಳೂ ಮೂರು. ಉಳಿದೆಲ್ಲ ತೀರ್ಮಾನವಾಗಿದ್ದು, ರಾತ್ರಿಯೂಟದ ವಿಚಾರವೊಂದು ಮಾತ್ರ ಬಗೆಹರಿದಿಲ್ಲ. ಮೇನ್ ಡೈನಿಂಗ್ ರೂಮಿನಲ್ಲಿ ಸಂಜೆ 5.30ರ ಮೊದಲ ಪಂಕ್ತಿ, ರಾತ್ರಿ 8ರ ಎರಡನೆಯ ಪಂಕ್ತಿ, ಇಲ್ಲವೇ ಈ ಎರಡರ ಗೊಡವೆಯೂ ಬೇಡವೆಂದರೆ 5.30ರಿಂದ 9ರೊಳಗೆ ಯಾವಾಗ ಬೇಕಾದರೂ ಹೋಗಬಹುದಾದ ಫ್ಲೆಕ್ಸಿಬಲ್ ವ್ಯವಸ್ಥೆ, ಹೀಗೆ ಮೂರು ಆಯ್ಕೆಗಳನ್ನು ಕೊಟ್ಟಿದ್ದಾರೆ.

ರಜೆಯಲ್ಲಿಯೂ ಗಡಿಯಾರ ನೋಡಿಕೊಂಡು ಊಟಕ್ಕೆ ಓಡುವುದೇಕೆ ಎಂಬುದು ಭಾವನ ವಾದ. ಆದರೆ ತಂದೆಯವರಿಗೆ ಮಧುಮೇಹವಿದ್ದು, ಇನ್ಸುಲಿನ್ ತೆಗೆದುಕೊಳ್ಳುವ ಹೊತ್ತಿಗೂ ಊಟದ ಹೊತ್ತಿಗೂ ಹೊಂದಾಣಿಕೆ ಇರಲೇಬೇಕು. ತಾಯಿಯವರಿಗೆ ಕಡಲೆಕಾಯಿ, ಗೋಡಂಬಿ, ಬಾದಾಮಿಗಳ ಅಲರ್ಜಿ ಇದೆ. ಮಗಳು ಎಂಟು ಗಂಟೆಗೇ ತೂಕಡಿಸುತ್ತಾಳೆ. ಇಂಥ ಗುಂಪಿಗೆ ಯಾವ ವ್ಯವಸ್ಥೆ ಒಳ್ಳೆಯದು? ಒಮ್ಮೆ ಆರಿಸಿಕೊಂಡ ಮೇಲೆ ಬದಲಿಸಲು ಬರುತ್ತದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಲಂಗರು (ಉತ್ತರ):

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಇನ್ಸುಲಿನ್, ಅಲರ್ಜಿ, ಎಂಟಕ್ಕೆ ತೂಕಡಿಸುವ ಮಗು, ಈ ಮೂರೂ ನಿಗದಿತ ಪಂಕ್ತಿಯ ಕಡೆಗೇ, ಅದರಲ್ಲಿಯೂ ಮೊದಲ ಪಂಕ್ತಿಯ ಕಡೆಗೇ ಕೈ ತೋರಿಸುತ್ತವೆ.

ಹಡಗಿನ ಪ್ರಯಾಣಿಕರೆಲ್ಲ ಏಕಕಾಲಕ್ಕೆ ಕುಳಿತು ಉಣ್ಣುವಷ್ಟು ಜಾಗ ಊಟದ ಕೋಣೆಯಲ್ಲಿ ಇರುವುದಿಲ್ಲವಾದ್ದರಿಂದ ಜನರನ್ನು ಎರಡು ಪಂಕ್ತಿಗಳಾಗಿ ಹಂಚುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಆದರೆ ಪ್ರಯಾಣಿಕನ ದೃಷ್ಟಿಯಿಂದ ಅದರ ನಿಜವಾದ ಲಾಭ ಸಮಯದ್ದಲ್ಲ, ಮನುಷ್ಯರದ್ದು. ಪ್ರತಿ ರಾತ್ರಿ ಅದೇ ಟೇಬಲ್, ಅದೇ ವೇಟರ್, ಅದೇ ಸಹಾಯಕ. ಎರಡನೆಯ ರಾತ್ರಿಯ ಹೊತ್ತಿಗೆ ಅವರಿಗೆ ನಿಮ್ಮ ಹೆಸರುಗಳು ಗೊತ್ತಿರುತ್ತವೆ. ಮೂರನೆಯ ರಾತ್ರಿ ನಿಮ್ಮ ಮಗಳ ಊಟ ದೊಡ್ಡವರ ಸೂಪ್‌ನ ಜೊತೆಯಲ್ಲಿಯೇ ಬಂದಿರುತ್ತದೆ, ಏಕೆಂದರೆ ಹಿಂದಿನ ದಿನ ಅವಳು ಕಾದು ಕಾದು ಬ್ರೆಡ್ಡಿನಲ್ಲಿಯೇ ಹೊಟ್ಟೆ ತುಂಬಿಸಿಕೊಂಡದ್ದನ್ನು ಆ ವೇಟರ್ ನೋಡಿರುತ್ತಾನೆ.

ಅಲರ್ಜಿಯ ವಿಷಯ ಇದಕ್ಕಿಂತ ಮುಖ್ಯವಾದದ್ದು. ಮೊದಲ ರಾತ್ರಿ ಹೆಡ್ ವೇಟರ್‌ಗೆ ಸ್ಪಷ್ಟವಾಗಿ ಹೇಳಿದರೆ, ಬಹುತೇಕ ಹಡಗುಗಳಲ್ಲಿ ಅವರು ಪ್ರತಿ ರಾತ್ರಿ ಊಟ ಮುಗಿಯುವ ಮುನ್ನ ಮರುದಿನದ ಮೆನುವನ್ನು ತಂದು ತೋರಿಸುತ್ತಾರೆ; ನಿಮ್ಮ ತಾಯಿಯವರು ಅದರಲ್ಲಿ ತಮಗೆ ಬೇಕಾದುದನ್ನು ಗುರುತು ಮಾಡಿದರೆ, ಅಡುಗೆಮನೆಯಲ್ಲಿ ಅವರ ಪಾಲಿನದನ್ನು ಬೀಜಗಳ ಸೋಂಕು ತಾಗದಂತೆ ಬೇರೆಯಾಗಿ ತಯಾರಿಸಿ ಇಡಲು ಒಂದು ಇಡೀ ದಿನದ ಕಾಲಾವಕಾಶ ಸಿಗುತ್ತದೆ. ದಿನಕ್ಕೊಂದು ಟೇಬಲ್, ದಿನಕ್ಕೊಬ್ಬ ವೇಟರ್ ಆದಾಗಲೂ ಈ ಮಾಹಿತಿ ಕಂಪ್ಯೂಟರಿನಲ್ಲಿ ಇರುತ್ತದೆ ನಿಜ. ಆದರೂ ಪ್ರತಿ ರಾತ್ರಿ ಹೊಸಬರಿಗೆ ಮೊದಲಿನಿಂದ ಹೇಳುವ ಕೆಲಸ ನಿಮಗೆ ತಪ್ಪುವುದಿಲ್ಲ, ಮತ್ತು ಹಾಗೆ ಹೇಳುವುದನ್ನು ಒಂದು ದಿನವೂ ಮರೆಯಬಾರದು.

ಇನ್ನೊಂದು ಮಾತು ಇನ್ಸುಲಿನ್ ಕುರಿತು. 5.30ಕ್ಕೆ ಕುಳಿತ ಮಾತ್ರಕ್ಕೆ 5.30ಕ್ಕೆ ಊಟ ಬಾಯಿಗೆ ಬಂತೆಂದಲ್ಲ. ಮೆನು ನೋಡಿ, ಆರ್ಡರ್ ಕೊಟ್ಟು, ಒಂದಾದ ಮೇಲೊಂದು ಕೋರ್ಸ್ ಬಂದು, ಸಿಹಿ ಮುಗಿಯುವಾಗ ಒಂದೂವರೆ ಗಂಟೆಯಾದರೂ ಆಗಿರುತ್ತದೆ. ಊಟದ ಮುಂಚೆ ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಹೊರಡುವ ಮೊದಲು ವೈದ್ಯರ ಬಳಿಯೇ ಮಾತನಾಡಿಕೊಳ್ಳಿ. ಮುಖ್ಯ ಊಟವನ್ನು ತಂದೆಯವರಿಗೆ ತುಸು ಬೇಗ ತರಲು ವೇಟರ್‌ಗೂ ಹೇಳಿಡಿ.

ಉಪ್ಪುಗಾಳಿ (ಉತ್ತರ):

ಲಂಗರು ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಫ್ಲೆಕ್ಸಿಬಲ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಂಗತಿಗಳಿವೆ, ಅವುಗಳನ್ನು ಬಿಡಿಸಿ ನೋಡಬೇಕು. ಹಸಿವಾದಾಗ ನೇರವಾಗಿ ಬಾಗಿಲಿಗೆ ಹೋಗಿ ನಿಲ್ಲುವುದು ಒಂದು. ಆ್ಯಪ್‌ನಲ್ಲಿ ದಿನದಿನದ ಸಮಯವನ್ನು ಮೊದಲೇ ಕಾಯ್ದಿರಿಸಿಕೊಳ್ಳುವುದು ಇನ್ನೊಂದು. ರಾಯಲ್ ಕೆರಿಬಿಯನ್‌ನವರು ಮೈ ಟೈಮ್ ಎಂದೂ, ಕಾರ್ನಿವಲ್‌ನವರು ಯುವರ್ ಟೈಮ್ ಎಂದೂ ಕರೆಯುವುದು ಈ ಫ್ಲೆಕ್ಸಿಬಲ್ ವ್ಯವಸ್ಥೆಯನ್ನೇ. ನಾರ್ವೀಜಿಯನ್ ಕ್ರೂಸ್ ಲೈನ್ 2000ರಲ್ಲಿ ಫ್ರೀಸ್ಟೈಲ್ ಎಂಬ ಹೆಸರಿನಲ್ಲಿ ನಿಗದಿತ ಪಂಕ್ತಿಯನ್ನೇ ಕೈಬಿಟ್ಟ ಮೇಲೆ ಉಳಿದ ಕಂಪನಿಗಳೂ ತಮ್ಮ ತಮ್ಮ ರೀತಿಯಲ್ಲಿ ಈ ದಾರಿಗೆ ಬಂದವು. ಡಿಸ್ನಿಯವರದು ಇವೆರಡರ ನಡುವಿನ ಜಾಣ ಉಪಾಯ: ಊಟದ ಸಮಯ ನಿಗದಿಯಾಗಿದ್ದರೂ ರೆಸ್ಟೋರೆಂಟ್ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ವೇಟರ್‌ಗಳು ಮಾತ್ರ ನಿಮ್ಮ ಜೊತೆಯಲ್ಲಿಯೇ ಬರುತ್ತಾರೆ.

ಕಾಯ್ದಿರಿಸದೆ ಹೋಗುವುದು ಇಬ್ಬರಿಗೆ ಸರಿ. ಏಳು ಜನರಿಗೆ ಅದು ಸಲ್ಲದು. ಎಲ್ಲರಿಗೂ ಹಸಿವಾಗುವುದು ಆರೂವರೆಯಿಂದ ಏಳೂವರೆಯ ನಡುವೆಯೇ. ಆಗ ಎರಡು ಕುರ್ಚಿಯ ಟೇಬಲ್ ಹತ್ತು ನಿಮಿಷದಲ್ಲಿ ಖಾಲಿಯಾದೀತು, ಎಂಟು ಕುರ್ಚಿಯದು ಯಾವಾಗ ಖಾಲಿಯಾಗುತ್ತದೆಂದು ಬಾಗಿಲಲ್ಲಿ ನಿಂತಿರುವವರಿಗೂ ಗೊತ್ತಿರುವುದಿಲ್ಲ. ಕೈಗೆ ಒಂದು ಪೇಜರ್ ಕೊಟ್ಟೋ, ಫೋನಿಗೆ ಸಂದೇಶ ಕಳಿಸುತ್ತೇವೆಂದೋ ಹೇಳಿ ಕಳಿಸುತ್ತಾರೆ. ಹಸಿದ ಮಗುವನ್ನೂ ಮಂಡಿನೋವಿನ ಹಿರಿಯರನ್ನೂ ಕಟ್ಟಿಕೊಂಡು ಬಾರಿನ ಪಕ್ಕದ ಸೋಫಾದಲ್ಲಿ ಆ ಪೇಜರ್ ಮಿನುಗುವುದನ್ನೇ ಕಾಯುತ್ತ ಕೂರುವುದನ್ನು ಸ್ವಾತಂತ್ರ್ಯವೆಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ನಿಮ್ಮ ಭಾವನವರು ಕ್ಷಮಿಸಬೇಕು.

ಆದರೆ ಕಾಯ್ದಿರಿಸಿಕೊಂಡು ಹೋಗುವುದಾದರೆ ಮಾತೇ ಬೇರೆ. ಪ್ರತಿ ರಾತ್ರಿಗೂ 6.15 ಎಂದು ಆರಿಸಿಕೊಂಡು, ಮೊದಲ ರಾತ್ರಿಯ ವೇಟರ್ ಇಷ್ಟವಾದರೆ ಮುಂದೆಯೂ ಅವರ ಟೇಬಲನ್ನೇ ಕೊಡಿ ಎಂದು ಕೇಳಿಕೊಳ್ಳಬಹುದು. ಬಹಳಷ್ಟು ಸಲ ಕೊಡುತ್ತಾರೆ, ಆದರೆ ಅದು ಅವರ ಸೌಜನ್ಯವೇ ಹೊರತು ನಿಮ್ಮ ಹಕ್ಕಲ್ಲ. ಬಂದರಿನಿಂದ ತಡವಾಗಿ ಮರಳುವ ದಿನ ಅದನ್ನೇ 7.30ಕ್ಕೆ ಸರಿಸಿಕೊಳ್ಳಬಹುದು, ಮೊದಲ ಪಂಕ್ತಿಯವರಿಗೆ ಈ ಅನುಕೂಲವಿಲ್ಲ. ಹಾಗಾಗಿ ಈಗಲೇ ಯಾವುದನ್ನೂ ಆರಿಸಬೇಡಿ. ಮೊದಲು ನಿಮ್ಮ ಪ್ರಯಾಣದ ಪಟ್ಟಿಯನ್ನು ತೆಗೆದು, ಹಡಗು ಯಾವ ಯಾವ ಬಂದರಿನಿಂದ ಎಷ್ಟು ಗಂಟೆಗೆ ಹೊರಡುತ್ತದೆಂಬುದನ್ನು ನೋಡಿ. ಐದಕ್ಕೆ ಹೊರಡುವುದಾದರೆ ನಾಲ್ಕೂವರೆಗೆಲ್ಲ ಎಲ್ಲರೂ ಹಡಗಿನ ಮೇಲಿರಬೇಕಾಗುತ್ತದೆ, 5.30ರ ಪಂಕ್ತಿಗೆ ತೊಂದರೆಯಿಲ್ಲ. ಏಳಕ್ಕೋ ಎಂಟಕ್ಕೋ ಹೊರಡುವ ಬಂದರುಗಳೇ ಹೆಚ್ಚಾಗಿದ್ದರೆ ಮೊದಲ ಪಂಕ್ತಿ ಹೆಸರಿಗಷ್ಟೇ ಉಳಿಯುತ್ತದೆ.

ಮಧ್ಯದಲ್ಲಿ ಒಂದು ಸಣ್ಣ ಎಚ್ಚರಿಕೆ: ಊಟದ ಸಮಯವೆಂದರೆ ಹಡಗಿನ ಸಮಯ. ಕೆಲವು ಹಡಗುಗಳು ಬಂದರಿನ ಸ್ಥಳೀಯ ಸಮಯಕ್ಕೆ ತಕ್ಕಂತೆ ಗಡಿಯಾರ ಬದಲಿಸುವುದಿಲ್ಲ, ಆದರೆ ನಿಮ್ಮ ಫೋನ್ ದಡದ ಸಿಗ್ನಲ್ ಹಿಡಿದು ತಾನಾಗಿಯೇ ಬದಲಿಸಿಕೊಂಡುಬಿಡುತ್ತದೆ. ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಇಟ್ಟುಕೊಳ್ಳುವುದು ಕ್ಷೇಮ.

ತೀರದಾಚೆ (ಉತ್ತರ):

ಯಾವುದನ್ನೇ ಆರಿಸಿದರೂ ಮೂರು ಬುಕಿಂಗ್ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸುವಂತೆ ಕಂಪನಿಗೋ ಏಜೆಂಟರಿಗೋ ಇಂದೇ ಹೇಳಿ. ಜೋಡಿಸದಿದ್ದರೆ ಕಂಪ್ಯೂಟರಿಗೆ ನೀವು ಮೂರು ಅಪರಿಚಿತ ಕುಟುಂಬಗಳು. ನಿಮ್ಮನ್ನು ಮೂರು ಟೇಬಲ್‌ಗಳಿಗೆ ಹಂಚಿಬಿಡುತ್ತದೆ. ಮೂರೂ ಬುಕಿಂಗ್‌ಗಳಲ್ಲಿ ಒಂದೇ ಪಂಕ್ತಿಯಿರುವುದೂ ಅಗತ್ಯ.

ಏಳು ಜನರಿಗೆ ಸಾಮಾನ್ಯವಾಗಿ ಎಂಟು ಕುರ್ಚಿಯ ಟೇಬಲ್ ಸಿಗುತ್ತದೆ. ಉಳಿದ ಒಂದು ಕುರ್ಚಿಗೆ ಒಂಟಿಯಾಗಿ ಪ್ರಯಾಣಿಸುವ ಒಬ್ಬರು ಬಂದರೂ ಬರಬಹುದು. ಬೇಡವೆಂದಾದರೆ ಅದನ್ನೂ ಮೊದಲೇ ತಿಳಿಸಬೇಕು. ನಾನು ಒಂಟಿಯಾಗಿ ಹೋಗುವವನು, ನಿಗದಿತ ಪಂಕ್ತಿಯನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ. ವಾರವಿಡೀ ಒಂದೇ ಟೇಬಲಿನ ಮಾತುಕತೆ ಸಿಗುತ್ತದೆ, ಪ್ರತಿ ರಾತ್ರಿ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ.

ಹಾಯಿದೋಣಿ:

ಮೂವರಿಗೂ ಧನ್ಯವಾದಗಳು. ಉಪ್ಪುಗಾಳಿ ಅವರ ಮಾತಿನಂತೆ ಪಟ್ಟಿ ತೆಗೆದು ನೋಡಿದೆ. ನಾಲ್ಕು ಬಂದರುಗಳ ಪೈಕಿ ಎರಡರಿಂದ ಸಂಜೆ ಐದರೊಳಗೆ, ಒಂದರಿಂದ ಆರಕ್ಕೆ, ಮತ್ತೊಂದರಿಂದ ರಾತ್ರಿ ಎಂಟಕ್ಕೆ ಹೊರಡುತ್ತದೆ. ಮೊದಲ ಪಂಕ್ತಿ ತೆಗೆದುಕೊಂಡು ಒಂದೆರಡು ರಾತ್ರಿ ಹೋಗದಿದ್ದರೆ ಏನಾದರೂ ಅಡ್ಡಿಯಿದೆಯೇ? ಹಡಗು ಹತ್ತಿದ ಮೇಲೆ ಬದಲಿಸುವ ಕುರಿತು ಯಾರೂ ಹೇಳಲಿಲ್ಲ. ಪಂಕ್ತಿ ಬೇಗ ಮುಗಿದರೆ ಥಿಯೇಟರಿನ ಶೋ ತನಕ ಸುಮ್ಮನೆ ಕಾಯಬೇಕಾಗುತ್ತದೆಯೇ ಎಂದು ಅಕ್ಕ ಕೇಳುತ್ತಿದ್ದಾಳೆ.

ಲಂಗರು:

ಹೋಗದಿದ್ದರೆ ದಂಡವೇನೂ ಇಲ್ಲ. ಹಿಂದಿನ ರಾತ್ರಿಯೇ ವೇಟರ್‌ಗೆ ನಾಳೆ ಬರುವುದಿಲ್ಲ ಎಂದು ಹೇಳಿದರೆ ಸಾಕು. ಹೇಳದೆ ತಪ್ಪಿಸಿಕೊಂಡರೆ ನಿಮಗಾಗಿ ಕಾಯುತ್ತ ಪಕ್ಕದ ಟೇಬಲಿನವರ ಊಟವೂ ತಡವಾದೀತು. ಆ ರಾತ್ರಿ ಬಫೆಯಲ್ಲಿ ಊಟ ಮಾಡಬಹುದು, ಅದು ಪ್ರಯಾಣದ ದರದಲ್ಲಿಯೇ ಸೇರಿರುತ್ತದೆ. ಆದರೆ ಬಫೆಯಲ್ಲಿ ಒಬ್ಬರ ಪಾತ್ರೆಯ ಸೌಟನ್ನು ಇನ್ನೊಬ್ಬರು ಬೇರೆ ಪಾತ್ರೆಗೆ ಹಾಕುವುದು ಸಾಮಾನ್ಯವಾದ್ದರಿಂದ, ನಿಮ್ಮ ತಾಯಿಯವರು ತಾವಾಗಿಯೇ ಬಡಿಸಿಕೊಳ್ಳಬಾರದು. ಅಲ್ಲಿನ ಬಾಣಸಿಗರೊಬ್ಬರನ್ನು ಕರೆದು ಅಲರ್ಜಿಯಿದೆ ಎಂದರೆ ಒಳಗಿನಿಂದ ಬೇರೆ ತಟ್ಟೆಯಲ್ಲಿ ತಂದುಕೊಡುತ್ತಾರೆ. ಆರಕ್ಕೆ ಹೊರಡುವ ದಿನ ನೀವು ಐದೂವರೆಯ ಹೊತ್ತಿಗೆ ಹಡಗಿಗೆ ಬಂದರೂ ಪಂಕ್ತಿಗೆ ಹೋಗಬಹುದು, ಹತ್ತು ಹದಿನೈದು ನಿಮಿಷ ತಡವಾದರೆ ನಡೆಯುತ್ತದೆ. ಅದಕ್ಕಿಂತ ತಡವಾದರೆ ಒಳಗೆ ಬಿಡದಿರಲೂಬಹುದು.

ಶೋ ಕುರಿತು ಚಿಂತೆ ಬೇಡ. ನಿಗದಿತ ಪಂಕ್ತಿಗಳಿರುವ ಹಡಗುಗಳಲ್ಲಿ ಒಂದೇ ಶೋವನ್ನು ರಾತ್ರಿಗೆ ಎರಡು ಸಲ ನಡೆಸುವುದು ರೂಢಿ, ಒಂದು ಪಂಕ್ತಿಯವರು ಉಣ್ಣುವಾಗ ಇನ್ನೊಂದು ಪಂಕ್ತಿಯವರು ಥಿಯೇಟರಿನಲ್ಲಿ ಇರುವಂತೆ ಲೆಕ್ಕ ಹಾಕಿರುತ್ತಾರೆ. ಮಗಳು ಎಂಟರ ಮೇಲೆ ಎಚ್ಚರವಿರುವುದಿಲ್ಲವಾದ್ದರಿಂದ ನಿಮ್ಮಲ್ಲಿ ಒಬ್ಬರು ಕ್ಯಾಬಿನ್‌ನಲ್ಲಿ ಉಳಿಯಬೇಕಾದೀತು, ಅದಕ್ಕೆ ಯಾವ ಪಂಕ್ತಿಯೂ ಪರಿಹಾರವಲ್ಲ.

ಉಪ್ಪುಗಾಳಿ:

ಬದಲಿಸುವ ಕುರಿತು: ಹಡಗು ಹೊರಡುವ ಮುನ್ನ ಆ್ಯಪ್‌ನಲ್ಲಿಯೋ ಏಜೆಂಟರ ಮೂಲಕವೋ ಕೇಳಬಹುದು. ಬೇಕಾದ ಪಂಕ್ತಿ ಭರ್ತಿಯಾಗಿದ್ದರೆ ವೇಟ್‌ಲಿಸ್ಟ್‌ಗೆ ಹಾಕುತ್ತಾರೆ. ಹತ್ತಿದ ಮೇಲಾದರೆ ಮೊದಲ ದಿನ ಮಧ್ಯಾಹ್ನವೇ ಡೈನಿಂಗ್ ರೂಮಿನ ಮ್ಯಾನೇಜರರನ್ನು ಕಾಣಬೇಕು. ಅವರು ಎಲ್ಲಿ, ಎಷ್ಟು ಹೊತ್ತಿಗೆ ಕೂತಿರುತ್ತಾರೆಂಬುದು ಅಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಸಂಜೆಯಾದಂತೆ ಅಲ್ಲಿ ಸಾಲು ಬೆಳೆಯುತ್ತದೆ, ಟೇಬಲ್‌ಗಳು ಮುಗಿಯುತ್ತವೆ. ನಿಗದಿತ ಪಂಕ್ತಿಯಿಂದ ಫ್ಲೆಕ್ಸಿಬಲ್‌ಗೆ ಹೋಗುವುದು ಸುಲಭ. ಫ್ಲೆಕ್ಸಿಬಲ್‌ನಲ್ಲಿದ್ದು ಏಳು ಜನರಿಗೆ ಮೊದಲ ಪಂಕ್ತಿಯಲ್ಲಿ ಒಂದೇ ಟೇಬಲ್ ಕೊಡಿ ಎನ್ನುವುದು ಕಷ್ಟ. ಟಿಪ್ಸ್ ವಿಚಾರದಲ್ಲಿ ಗೊಂದಲವಾಗದಿರಲಿ: ದಿನಕ್ಕಿಷ್ಟೆಂದು ಎಲ್ಲರ ಖಾತೆಗೆ ಸೇರಿಸುವ ಕಂಪನಿಗಳಲ್ಲಿ ಯಾವ ವ್ಯವಸ್ಥೆಯಾದರೂ ಮೊತ್ತ ಒಂದೇ.

ನಿಮ್ಮ ಬಂದರುಗಳ ಸಮಯ ನೋಡಿದ ಮೇಲೆ ನನ್ನ ಅಭಿಪ್ರಾಯವೂ ಮೊದಲ ಪಂಕ್ತಿಯ ಕಡೆಗೇ ಬಂದಿದೆ. ಐದು ಬಂದರುಗಳಿದ್ದು, ಮೂರರಿಂದ ರಾತ್ರಿ ಹೊರಡುವುದಾಗಿದ್ದರೆ ಬೇರೆಯದನ್ನೇ ಹೇಳುತ್ತಿದ್ದೆ.

ಹಾಯಿದೋಣಿ:

ಹಾಗಾದರೆ ಮೊದಲ ಪಂಕ್ತಿಯನ್ನೇ ಗುರುತು ಮಾಡಿದ್ದೇನೆ. ಮೂರು ಬುಕಿಂಗ್‌ಗಳನ್ನು ಜೋಡಿಸಲು ಏಜೆಂಟರಿಗೆ ಬರೆದಾಯಿತು. ತಾಯಿಯವರ ಅಲರ್ಜಿಯನ್ನೂ ಅದೇ ಪತ್ರದಲ್ಲಿ ನಮೂದಿಸಿದ್ದೇನೆ. ರಾತ್ರಿ ಎಂಟಕ್ಕೆ ಹೊರಡುವ ಬಂದರಿನ ದಿನ ತಂದೆ ತಾಯಿ ಮಗಳೊಡನೆ ಬೇಗ ಮರಳಿ ಎಂದಿನ ಟೇಬಲಿನಲ್ಲಿಯೇ ಊಟ ಮಾಡುತ್ತಾರೆ, ನಾವು ನಾಲ್ವರು ಊರು ಸುತ್ತಿ ಬಂದು ಬಫೆಗೆ ಹೋಗುತ್ತೇವೆ. ಭಾವನವರು ಇದಕ್ಕೆ ಒಪ್ಪಿದ್ದಾರೆ.