ಹೊಳೇಲಿ ಪಾಚಿ ಜಾಸ್ತಿ ಆಗ್ತಿದೆ, ಕೈಲಿರೋದು ತಿಂಗಳಿಗೊಂದು ರಿಪೋರ್ಟ್, ಹೆಂಗ್ ನೋಡೋದು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ ಗದ್ದೆ ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ, ಕಾವೇರಿ ಪಕ್ಕದಲ್ಲೇ ಐತೆ. ಏಪ್ರಿಲ್ ಬಂತು ಅಂದ್ರೆ ನೀರು ಇಳಿದು ಬಂಡೆ ಸಂದೀಲೆಲ್ಲಾ ಪಾಚಿ. ರಿಪೋರ್ಟಲ್ಲಿ ಕರಗಿದ ಆಮ್ಲಜನಕ 9 ಅಂತ ಇದೆ, ಸ್ಯಾಂಪಲ್ ತೆಗ್ದಿದ್ದು ಮಧ್ಯಾಹ್ನ 3ಕ್ಕೆ. ಹಂಗಾದ್ರೆ ನೀರು ಚೆನ್ನಾಗಿದೆ ಅಂತಾನಾ?

ಉತ್ತರ: ಇಲ್ಲ ಅಣ್ಣ, ನಂಗೆ ಆ 9 ನೋಡೇ ಅನುಮಾನ ಬಂತು. 30 ಡಿಗ್ರಿ ಬೆಚ್ಚಗಿರೋ ನೀರಲ್ಲಿ ಗಾಳಿಯಿಂದ ಕರಗೋದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಅಷ್ಟೇ, ಮಿಕ್ಕಿದ್ದು ಬಿಸಿಲಲ್ಲಿ ಪಾಚಿ ಬಿಟ್ಟಿರೋದು. ರಾತ್ರಿ ಅದೇ ಪಾಚಿ ಆಮ್ಲಜನಕ ಎಳ್ಕೊಳ್ಳತ್ತೆ, ಅದಕ್ಕೆ ಸೂರ್ಯ ಹುಟ್ಟೋಕೆ ಮುಂಚೆ ನೀರಲ್ಲಿ ಎಲ್ಲಕ್ಕಿಂತ ಕಮ್ಮಿ ಇರತ್ತೆ, ಮೀನು ಮೇಲೆ ಬಂದು ಬಾಯಿ ಬಿಡೋದೂ ಆವಾಗ್ಲೇ. ತಿಂಗಳಿಗೆ ಒಂದೇ ದಿನ ನೋಡೋಕಾದ್ರೂ ಪರವಾಗಿಲ್ಲ, ಬೆಳಗ್ಗೆ 5:30ಕ್ಕೊಂದು ಮಧ್ಯಾಹ್ನ 3ಕ್ಕೊಂದು ತಗೊಳ್ಳಿ, ಮೀನು ಸಾಕೋರು ಬಳಸೋ ಆಕ್ಸಿಜನ್ ಕಿಟ್ ಸಾಕು. ಎರಡರ ನಡುವೆ ಅಂತರ ಎಷ್ಟಿದೆ ಅನ್ನೋದೇ ಪಾಚಿ ಎಷ್ಟು ಜೋರಾಗಿದೆ ಅಂತ ಹೇಳತ್ತೆ. ಬೆಳಗಿನದು 4ಕ್ಕಿಂತ ಕೆಳಗೆ ಬಂದ್ರೆ ಮೀನಿಗೆ ಕಷ್ಟ.

ಜೊತೆಗೆ ಮೊಣಕಾಲುದ್ದ ನೀರಿರೋ ಒಂದೇ ಜಾಗದಲ್ಲಿ ಪ್ರತಿ ವಾರ 10 ಕಲ್ಲು ಎತ್ತಿ ನೋಡಿ, ಆರಿಸ್ಬೇಡಿ, ಕೈಗೆ ಸಿಕ್ಕಿದ್ದೇ ತಗೊಳ್ಳಿ, ಎಷ್ಟು ಭಾಗ ಪಾಚಿ ಮುಚ್ಚಿದೆ ಬರ್ಕೊಂಡು ಫೋಟೋ ಇಟ್ಕೊಳ್ಳಿ. ಪೇಪರಲ್ಲಿ ಬರೋ ಕೆಆರ್‌ಎಸ್ ಹೊರಹರಿವನ್ನೂ ಪಕ್ಕದಲ್ಲೇ ಬರೀರಿ, ಇದನ್ನ ಮಾತ್ರ ಬಿಡ್ಬೇಡಿ, ಯಾಕಂದ್ರೆ ಡ್ಯಾಮಿಂದ ನೀರು ಬಿಟ್ಟಾಗ ಪಾಚಿ ಕೊಚ್ಕೊಂಡ್ ಹೋಗತ್ತೆ, ಆದ್ರೆ ಪಾಚಿ ಬೆಳೆಸೋ ಚರಂಡಿ ನೀರು, ಗೊಬ್ಬರದ ನೀರು ಬರೋದೇನೂ ನಿಂತಿರಲ್ಲ.

ಪ್ರಶ್ನೆ: ಸ್ಯಾಟಲೈಟ್ ಫೋಟೋಲಿ ನೋಡ್ಬೋದಾ ಮೇಡಂ? ಇನ್ನೊಂದು, ದನ ಇದೇ ನೀರು ಕುಡೀತವೆ.

ಉತ್ತರ: ಸೆಂಟಿನೆಲ್-2 ಅನ್ನೋ ಸ್ಯಾಟಲೈಟ್ ಫೋಟೋ ಫ್ರೀಯಾಗೇ ಸಿಗತ್ತೆ, 5 ದಿನಕ್ಕೊಂದ್ಸಲ, ಆದ್ರೆ ಒಂದು ಚುಕ್ಕಿ ಅಂದ್ರೆ 10 ಮೀಟರ್. ಕೆಆರ್‌ಎಸ್ ಹಿನ್ನೀರಿಗೆ ಸರಿ, ನಿಮ್ಮಲ್ಲಿ ಬಂಡೆ, ಗಿಡ, ನೀರು ಎಲ್ಲಾ ಒಂದೇ ಚುಕ್ಕೀಲಿ ಕಲಸ್ಕೊಂಡ್ಬಿಡತ್ತೆ.

ದನದ ವಿಷಯ ಸೀರಿಯಸ್ಸಾಗಿ ತಗೊಳ್ಳಿ. ಕೋಲು ಅದ್ದಿ ಎತ್ತಿ, ಕೂದಲ ಥರ ಎಳೆಎಳೆಯಾಗಿ ನೇತಾಡಿದ್ರೆ ಸಾಮಾನ್ಯವಾಗಿ ಹಸಿರು ಪಾಚಿ. ಪೇಂಟ್ ಬಳಿದಂಗೆ ಅಂಟ್ಕೊಂಡ್ರೆ ನೀಲಿ-ಹಸಿರು ಪಾಚಿ ಇರ್ಬೋದು, ಅದ್ರಲ್ಲಿ ಕೆಲವು ವಿಷ ಬಿಡ್ತವೆ, ನೀರು ಕುದಿಸಿದ್ರೂ ಆ ವಿಷ ಹೋಗಲ್ಲ. ಕೋಲಲ್ಲಿ ವಿಷ ಇದೆಯೋ ಇಲ್ವೋ ಗೊತ್ತಾಗಲ್ಲ, ಅದಕ್ಕೆ ಲ್ಯಾಬೇ ಬೇಕು. ರಿಪೋರ್ಟ್ ಬರೋ ತನಕ ಆ ಮಡುವಿಗೆ ದನ ಬಿಡ್ಬೇಡಿ, ಬೋರ್ ನೀರು ಕುಡಿಸಿ.