ದೋಣಿಯ ಹಿಂದಿನ ಆ ಹಿಡಿಗೆ ಏನನ್ನುತ್ತೀರಿ?

ಗೆಳೆಯರೆ,

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಮೂರು ಬೇಕು. ಒಂದು ಸಿಕ್ಕರೆ ಉಳಿದೆರಡನ್ನು ಹೇಗೋ ಸುಧಾರಿಸಿಕೊಳ್ಳುತ್ತೇನೆ.

ನಾನಿರುವುದು ಗದಗದಲ್ಲಿ. ನನ್ನ ಚಿಕ್ಕಪ್ಪನ ಮಗನ ಹೊಲ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಹತ್ತಿರ. ಎರಡು ವರ್ಷದ ಹಿಂದೆ ಅವನು ಕಾರವಾರದ ಕಡೆಯಿಂದ ಒಂದು ಹಳೆಯ ಫೈಬರ್ ದೋಣಿ ತಂದ. 14 ಅಡಿ ಉದ್ದ, ಹಿಂದೆ 20 ಎಚ್‌ಪಿ ಇಂಜಿನ್ ನೇತುಹಾಕಿದ್ದು. ಆ ಇಂಜಿನ್ನಿನಿಂದ ಒಂದು ಕೋಲಿನಂಥ ಹಿಡಿ ದೋಣಿಯೊಳಕ್ಕೆ ಚಾಚಿರುತ್ತದೆ. ಅದನ್ನು ಅತ್ತಿತ್ತ ತಳ್ಳಿದರೆ ಇಂಜಿನ್ನೇ ಪೂರ್ತಿ ತಿರುಗಿ ದೋಣಿ ಹೊರಳುತ್ತದೆ. ತುದಿಯನ್ನು ಬೈಕಿನ ಆಕ್ಸಿಲೇಟರ್ ಥರ ತಿರುವಿದರೆ ವೇಗ ಏರುತ್ತದೆ. ಇಂಗ್ಲಿಷಿನವರು ಅದಕ್ಕೆ ಟಿಲ್ಲರ್ ಅನ್ನುತ್ತಾರೆ.

ತೊಂದರೆ ಏನಪ್ಪಾ ಅಂದರೆ, ಅವನೂ ಹಿಂದೆ, ಇಂಜಿನ್ನೂ ಹಿಂದೆ, ಪೆಟ್ರೋಲ್ ಟ್ಯಾಂಕೂ ಹಿಂದೆ. ಒಬ್ಬನೇ ಹೊರಟರೆ ದೋಣಿಯ ಮೂತಿ ಮೇಲಕ್ಕೆದ್ದು ಎದುರಿನದು ಏನೂ ಕಾಣುವುದಿಲ್ಲ. ಯಾರೋ ಹಾಕಿದ ಬಲೆ, ಮುಳುಗಿದ ಜಾಲಿ ಗಿಡದ ತುದಿ, ಎಲ್ಲಾ ಹತ್ತಿರ ಬಂದ ಮೇಲೇ ಗೊತ್ತಾಗುತ್ತದೆ. ಅದಕ್ಕೆ ಅವನು ನಡುವಿಗೆ ಒಂದು ಸೀಟು ಹಾಕಿ, ಕಾರಿನ ಹಾಗೆ ಸ್ಟೇರಿಂಗ್ ಕೂರಿಸಿ, ಪಕ್ಕದಲ್ಲಿ ಗೇರು ಮತ್ತು ವೇಗದ ಲಿವರ್ ಇಟ್ಟುಕೊಳ್ಳುವ ಯೋಚನೆ ಮಾಡಿದ. ಸ್ಟೇರಿಂಗ್‌ನಿಂದ ಇಂಜಿನ್‌ವರೆಗೆ ಒಂದು ದಪ್ಪ ಕೇಬಲ್, ಲಿವರ್‌ನಿಂದ ಎರಡು ತೆಳು ಕೇಬಲ್. ಒಂದು ಗೇರಿಗೆ, ಒಂದು ವೇಗಕ್ಕೆ. ಸಾಮಾನು ತರಿಸಿದ. ಜೊತೆಗೆ ಬಂದ ಇಂಗ್ಲಿಷ್ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಅಣ್ಣಾ, ಇದನ್ನ ಕನ್ನಡದಾಗ ಬರದ ಕೊಡು, ಮೆಕ್ಯಾನಿಕ್‌ಗ ತೋರಸ್ತೀನಿ" ಅಂದ.

ಮೊದಲ ಸಾಲಿಗೇ ಸಿಕ್ಕಿಬಿದ್ದೆ. ಟಿಲ್ಲರ್ ಬಿಚ್ಚಿ ಅಂತ ಬರೆದರೆ ನಮ್ಮ ಕಡೆ ಯಾರಾದರೂ ನೇರವಾಗಿ ಹೊಲಕ್ಕೆ ಹೋಗುತ್ತಾರೆ. ಗದಗ, ಹಾವೇರಿಯಲ್ಲಿ ಟಿಲ್ಲರ್ ಅಂದರೆ ಪವರ್ ಟಿಲ್ಲರ್, ಬೇರೆ ಅರ್ಥವೇ ಇಲ್ಲ. ಸುಮ್ನೆ ನೋಡೋಣ ಅಂತ ಫೋನಿನ ಅನುವಾದಕ್ಕೆ ಹಾಕಿದೆ. "ಉಳುವವನನ್ನು ತೆಗೆದುಹಾಕಿ" ಅಂತ ಬಂತು. ರೈತ ಸಂಘದವರು ಓದಿದರೆ ಗತಿ ಏನು!

ಆಮೇಲೆ ಕುತೂಹಲಕ್ಕೆ ಹುಡುಕಿದರೆ, ಇಂಗ್ಲಿಷಿನಲ್ಲಿ ಇವು ಬೇರು ಬೇರೆಯಾದ ಎರಡು ಪದಗಳು. ಉಳುವ ಟಿಲ್ಲರ್ ಹಳೆಯ ಇಂಗ್ಲಿಷಿನ ಕ್ರಿಯಾಪದದಿಂದ ಬಂದದ್ದು. ದೋಣಿಯ ಟಿಲ್ಲರ್ ಹಳೆಯ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದು ನೇಕಾರನ ಮಗ್ಗದ ದಿಂಡು. ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ನೇಯ್ದ ಬಟ್ಟೆಗೆ ಹೇಳುವ ಪದ. ಮಗ್ಗದ ದಿಂಡು ಮೊದಲು ಅಡ್ಡಬಿಲ್ಲಿನ ಹಿಡಿಯಾಗಿ, ಕೊನೆಗೆ ದೋಣಿ ತಿರುಗಿಸುವ ಕೋಲಾಯಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ನನಗೆ ಇದು ಯಾಕೋ ಖುಷಿ ಕೊಟ್ಟಿತು. ಆದರೆ ಖುಷಿಯಿಂದ ಚೀಟಿ ಮುಂದಕ್ಕೆ ಹೋಗಲಿಲ್ಲ.

ಚುಕ್ಕಾಣಿ ಇದೆಯಲ್ಲ ಅಂತ ನೀವು ಹೇಳುತ್ತೀರಿ. ನಾನೂ ಅದನ್ನೇ ಬರೆದೆ, ಅಲ್ಲೇ ಎಡವಿದೆ. ಪದ ಒಳ್ಳೆಯದೇ. ಅರಬ್ಬಿಯ ಸುಕ್ಕಾನ್ ಸಮುದ್ರದ ವ್ಯಾಪಾರದ ಜೊತೆ ಬಂದು ಮರಾಠಿಯಲ್ಲಿ ಸುಕಾಣೂ, ಮಲಯಾಳದಲ್ಲಿ ಚುಕ್ಕಾನ್, ತೆಲುಗಿನಲ್ಲಿ ಚುಕ್ಕಾನಿ, ನಮ್ಮಲ್ಲಿ ಚುಕ್ಕಾಣಿ ಆಗಿದೆ. ಅದರ ಮೂಲ ಅರ್ಥ ನೀರಿನೊಳಗೆ ಇಳಿಬಿಟ್ಟ ಹಲಗೆ. ಆದರೆ ನಾವು ಆ ಹಲಗೆಗೂ ಅದನ್ನೇ ಅನ್ನುತ್ತೇವೆ, ಹಲಗೆ ತಿರುಗಿಸುವ ಕೋಲಿಗೂ ಅದನ್ನೇ, ಹಡಗಿನ ದೊಡ್ಡ ಚಕ್ರಕ್ಕೂ ಅದನ್ನೇ. ಪೇಪರಿನಲ್ಲಂತೂ ದಿನಾ ಯಾರಾದರೂ ಒಬ್ಬರು ಅಧಿಕಾರದ ಚುಕ್ಕಾಣಿ ಹಿಡಿಯುತ್ತಾರೆ. ಹಿಡಿದದ್ದು ಹಲಗೆಯೋ ಕೋಲೋ ಚಕ್ರವೋ ಅಂತ ಅವರನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಮೆಕ್ಯಾನಿಕ್ ಕೇಳುತ್ತಾನೆ. ಮೇಲಾಗಿ ಈ ದೋಣಿಯಲ್ಲಿ ಹಲಗೆಯೇ ಇಲ್ಲ. ಆ ಕೆಲಸ ಇಂಜಿನ್ನಿನದೇ.

"ಚುಕ್ಕಾಣಿ ಹಿಡಿ" ಅಂತ ಬರೆದು ನೋಡಿದೆ, ಕೊಡಲಿಯ ಹಿಡಿ, ಕುಡಗೋಲಿನ ಹಿಡಿ ಇದ್ದಹಾಗೆ. "ಚುಕ್ಕಾಣಿ ಹಿಡಿ, ಬೋಲ್ಟ್ ಬಿಚ್ಚು" ಅನ್ನುವ ಅಪ್ಪಣೆಯ ಹಾಗೆ ಓದಿಸಿಕೊಂಡಿತು! ಅದನ್ನು ಹೊಡೆದುಹಾಕಿದೆ.

ಇದು ಬರೀ ಪಂಡಿತರ ತಕರಾರು ಅಂದುಕೊಳ್ಳಬೇಡಿ. ಕೋಲಿಗೂ ಚಕ್ರಕ್ಕೂ ಒಂದೇ ಹೆಸರಿದ್ದರೆ ನಿಜವಾಗಿ ಅಪಾಯ ಇದೆ. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ದೋಣಿ ಎಡಕ್ಕೇ ಹೋಗುತ್ತದೆ. ನನ್ನ ಮೊದಲ ಕರಡಿನಲ್ಲಿ "ಚುಕ್ಕಾಣಿಯನ್ನು ಎಡಕ್ಕೆ ಒಯ್ದು ಪರೀಕ್ಷಿಸಿ" ಅಂತಿತ್ತು. ಯಾವ ಚುಕ್ಕಾಣಿ? ತಮ್ಮ ಎರಡು ವರ್ಷ ಕೋಲು ಹಿಡಿದು ರೂಢಿಯಾದವನು. ಹೊಸ ಸ್ಟೇರಿಂಗ್ ಹಿಡಿದು ಮೊದಲ ದಿನ ಹೊರಟಾಗ ಎದುರಿಗೊಂದು ತೆಪ್ಪ ಬಂತು. ಬಲಕ್ಕೆ ಹೋಗಬೇಕು ಅಂತ ಕೈ ತಾನಾಗಿ ಎಡಕ್ಕೆ ತಿರುವಿತು. ಪುಣ್ಯಕ್ಕೆ ವೇಗ ಇರಲಿಲ್ಲ. ದಂಡೆಯ ಆಪು ಹುಲ್ಲಿನೊಳಗೆ ನುಗ್ಗಿ ನಿಂತ. ಇಂಜಿನ್ ನಿಲ್ಲಿಸುವ ಸ್ವಿಚ್ಚಿನ ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ. ಅವನು ಮುಗ್ಗರಿಸಿದ ಕೂಡಲೇ ಅದು ಕಿತ್ತು ಇಂಜಿನ್ ಬಂದ್ ಆಯಿತು. ತೆಪ್ಪದಲ್ಲಿದ್ದ ಅಜ್ಜ ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ, ಅದು ಬೇರೆ ಪದಚರ್ಚೆ.

ಈ ಗೊಂದಲ ನಮ್ಮದಷ್ಟೇ ಅಲ್ಲ ಅಂತ ಆಮೇಲೆ ತಿಳಿಯಿತು. ಹಡಗುಗಳಿಗೆ ಚಕ್ರ ಬಂದು ಎಷ್ಟೋ ಕಾಲವಾದರೂ ಅಪ್ಪಣೆ ಮಾತ್ರ ಕೋಲಿನ ಲೆಕ್ಕದಲ್ಲೇ ಉಳಿದಿತ್ತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಎದುರು ಹಿಮಗಡ್ಡೆ ಕಂಡಾಗ ಅಧಿಕಾರಿ ಕೂಗಿದ್ದು ಬಲಕ್ಕೆ ಅಂತ. ಹಡಗಿನ ಮೂತಿ ತಿರುಗಿದ್ದು ಎಡಕ್ಕೆ. ಅದು ತಪ್ಪಲ್ಲ. ಆಗಿನ ರೂಢಿಯಲ್ಲಿ ಅವನು ಹೇಳಿದ್ದರ ಅರ್ಥವೇ ಕೋಲನ್ನು ಬಲಕ್ಕೆ ತಳ್ಳು ಅಂತ, ಕೋಲು ಕಣ್ಣಿಗೆ ಕಾಣದಿದ್ದರೂ. 1929ರ ಅಂತರರಾಷ್ಟ್ರೀಯ ಒಪ್ಪಂದದ ನಂತರ, ಬ್ರಿಟನ್ನಿನಲ್ಲಿ 1933ರಿಂದ, ಬಲಕ್ಕೆ ಅಂದರೆ ಹಡಗೂ ಬಲಕ್ಕೆ ಅಂತಾಯಿತು. ಹಾಗಾಗಿ ನನ್ನ ತಮ್ಮನನ್ನು ನೋಡಿ ಜಾಸ್ತಿ ನಗಬೇಡಿ.

ನಮ್ಮ ಹೊಳೆಯ ಕನ್ನಡದಲ್ಲಿ ಈ ಕೋಲಿಗೆ ಪದ ಯಾಕಿಲ್ಲ? ತುಂಗಭದ್ರೆಯ ದಂಡೆಯಲ್ಲಿ ಅಂಬಿಗರಿಗೇನು ಕಮ್ಮಿ ಇಲ್ಲ. ಇದೇ ಹೊಳೆಯ ಮೇಲೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೆಸರು ಬಂದದ್ದೇ 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನಿಂದ. ಹುಟ್ಟು, ಗಳ, ತೆಪ್ಪ, ಹರಿಗೋಲು, ಪದಗಳು ಬೇಕಾದಷ್ಟಿವೆ. ಆದರೆ ಹರಿಗೋಲು ದುಂಡಗೆ, ಬುಟ್ಟಿಯ ಹಾಗೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವವನು ಯಾವ ಕಡೆ ಕೂತನೋ ಅದೇ ಮುಂದು. ಅಂಥ ದೋಣಿಗೆ ಚುಕ್ಕಾಣಿ ಎಲ್ಲಿ ಕಟ್ಟುವುದು?

ಮುಂದೆ, ಹಿಂದೆ ಅಂದೆನಲ್ಲ, ಎರಡನೆಯ ಪದದ ಕಷ್ಟ ಅದೇ. ಇಂಗ್ಲಿಷ್ ಚೀಟಿ ಈ ಇಡೀ ಏರ್ಪಾಡಿಗೆ ಫಾರ್ವರ್ಡ್ ಕಂಟ್ರೋಲ್ ಅನ್ನುತ್ತದೆ. "ಮುಂದಿನ ನಿಯಂತ್ರಣ" ಅಂದರೆ ಮುಂದಿನ ವಾರ, ಮುಂದಿನ ನಿಲ್ದಾಣ ಇದ್ದಹಾಗೆ, ಇದಾದ ಮೇಲೆ ಬರುವುದು ಅನ್ನಿಸುತ್ತದೆ. "ಮುಂಗಡ" ಅಂದರೆ ಅಡ್ವಾನ್ಸ್ ಕೊಡಬೇಕಾ ಅಂತ ಕೇಳುತ್ತಾರೆ. ಫಾರ್ವರ್ಡ್ ಅಂತಲೇ ಬಿಟ್ಟರೆ ಲಿವರ್‌ನ ಫಾರ್ವರ್ಡ್ ಗೇರಿನ ಜೊತೆ ಕಲಸಿಹೋಗುತ್ತದೆ, ಅಥವಾ ವಾಟ್ಸಾಪ್ ನೆನಪಾಗುತ್ತದೆ. ಸದ್ಯಕ್ಕೆ ನನಗೆ ಹಿಡಿಸಿದ್ದು "ಮುಂಬದಿ". ಹಿಂಬದಿ ಸವಾರ ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಮುಂಬದಿ ಅದರ ಜೊತೆಗಾರ. "ಮುಂಬದಿ ಹಿಡಿತ" ಹೇಗಿದೆ? ತಮ್ಮನ ಪದ ಇನ್ನೂ ಸರಳ. "ಮುಂದ ಕುಂತ ಹೊಡಿಯೋದು" ಅನ್ನುತ್ತಾನೆ. ಅರ್ಥ ಇದಕ್ಕಿಂತ ಸ್ಪಷ್ಟವಾಗುವುದಿಲ್ಲ, ಆದರೆ ಚೀಟಿಯಲ್ಲಿ ಹನ್ನೆರಡು ಸಲ ಬರೆಯಲು ಉದ್ದ.

ಚಕ್ರದ ಬಗ್ಗೆ ನನಗೆ ತಕರಾರಿಲ್ಲ. ಸ್ಟೇರಿಂಗ್ ಅಂದರೆ ಸಾಕು. ಚುಕ್ಕಾಣಿ ಚಕ್ರ ಅಂತ ಯಾರಾದರೂ ಬರೆದರೆ ಬೇಡ ಅನ್ನುವುದಿಲ್ಲ, ಗ್ಯಾರೇಜಿನಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಉಳಿದದ್ದು ಆ ಕೋಲು. ಅದಕ್ಕೆ ಪದ ಕೊಟ್ಟವಳು ನಮ್ಮ ಚಿಕ್ಕಮ್ಮ. ಕಟ್ಟೆಯ ಮೇಲೆ ಬಿಚ್ಚಿಟ್ಟಿದ್ದನ್ನು ನೋಡಿ, "ಇದೇನೋ, ರಂಟಿ ಮೇಳಿ ಇದ್ದಂಗ ಐತಲ್ಲ" ಅಂದಳು. ಮೇಳಿ ಅಂದರೆ ರಂಟೆಯ, ನೇಗಿಲಿನ, ಹಿಂದೆ ನಿಂತವನು ಕೈಯಲ್ಲಿ ಹಿಡಿಯುವ ಭಾಗ. ನನಗೆ ತಟ್ಟನೆ ಹಿಡಿಸಿತು. ಹಿಂದಿನಿಂದ ಹಿಡಿಯುವುದು, ಒಂದೇ ಕೈಯಲ್ಲಿ ಆಗುವುದು, ಸ್ವಲ್ಪ ಒತ್ತಿದರೆ ಸಾಲು ಬದಲಾಗುವುದು, ಎಲ್ಲಾ ಸರಿಹೋಗುತ್ತದೆ. ಇಂಗ್ಲಿಷಿನಲ್ಲಿ ಸಂಬಂಧವೇ ಇಲ್ಲದ ಎರಡು ಟಿಲ್ಲರ್‌ಗಳನ್ನು ಚಿಕ್ಕಮ್ಮ ಒಂದೇ ಮಾತಿನಲ್ಲಿ ನೆಂಟರು ಮಾಡಿಬಿಟ್ಟಳು!

ಆದರೆ ಎರಡು ಅನುಮಾನಗಳಿವೆ. ಮೇಳಿ ನೆಟ್ಟಗೆ ನಿಂತಿರುತ್ತದೆ, ಇದು ಅಡ್ಡಡ್ಡ ಮಲಗಿರುತ್ತದೆ. ಅದು ದೊಡ್ಡ ಮಾತಲ್ಲ ಬಿಡಿ. ಇನ್ನೊಂದು ದೊಡ್ಡದು. ಟ್ರ್ಯಾಕ್ಟರ್ ಬಂದ ಮೇಲೆ ಹುಟ್ಟಿದ ಹುಡುಗರಿಗೆ ಮೇಳಿ ಗೊತ್ತಿಲ್ಲ. ಮೆಕ್ಯಾನಿಕ್‌ಗೆ ಇಪ್ಪತ್ತಾರು ವರ್ಷ. ಮೇಳಿ ಅಂದರೆ "ಮೇಳ ಅದರೀ?" ಅಂತ ಕೇಳಿದ. ಗೊತ್ತಿಲ್ಲದ ಪರದೇಶದ ಪದದ ಜಾಗಕ್ಕೆ ಮರೆತುಹೋದ ನಮ್ಮ ಪದ ಇಟ್ಟರೆ ಏನು ಲಾಭ ಅಂತ ನೀವು ಕೇಳಬಹುದು. ನನ್ನ ಉತ್ತರ ಇಷ್ಟೇ: ಅದನ್ನು ಒಂದು ಸಲ ತೋರಿಸಿ ಹೇಳಿದರೆ ಅವನು ಮರೆಯಲಿಲ್ಲ. ಸಂಜೆಯ ಹೊತ್ತಿಗೆ "ಮೇಳಿ ಬೋಲ್ಟ್ ಎಲ್ಲಿಟ್ರಿ?" ಅಂತ ಅವನೇ ಕೇಳುತ್ತಿದ್ದ.

ಈಗ ನನ್ನ ಪ್ರಶ್ನೆ ಮುಖ್ಯವಾಗಿ ಕರಾವಳಿಯವರಿಗೆ. ಕಾರವಾರ, ಹೊನ್ನಾವರ, ಕುಂದಾಪುರ, ಮಲ್ಪೆಯಲ್ಲಿ ಸಣ್ಣ ಇಂಜಿನ್ ದೋಣಿ ನಡೆಸುವವರು ಆ ಕೋಲಿಗೆ ಬಾಯಲ್ಲಿ ಏನನ್ನುತ್ತಾರೆ? ನಿಘಂಟಿನದು ಬೇಡ, ಬಂದರಿನಲ್ಲಿ ನಿಂತು ಕೂಗಿ ಹೇಳುವಾಗಿನ ಪದ ಬೇಕು. ಹ್ಯಾಂಡಲ್ ಅನ್ನುತ್ತಾರಾದರೆ ಅದನ್ನೂ ತಿಳಿಸಿ, ಬೇಜಾರಿಲ್ಲ. ಇನ್ನೊಂದು, ಹಾವೇರಿ ಕಡೆಯವರು ಮೇಳಿ ಅನ್ನುತ್ತೀರಾ, ಮೇಟಿ ಅನ್ನುತ್ತೀರಾ? ನಮ್ಮಲ್ಲಿ ಮೇಟಿ ಅಂದರೆ ಕಣದ ನಡುವಿನ ಕಂಬ, ಆದರೆ ಮೇಟಿ ವಿದ್ಯೆ ಅನ್ನುವಾಗ ಒಕ್ಕಲುತನ.

ಪೇಂಟರ್ ಭಾನುವಾರ ಬರುತ್ತಾನೆ. ಸ್ಟೇರಿಂಗ್ ಕೆಟ್ಟರೆ ಹಳೆಯ ಕೋಲನ್ನೇ ಹಾಕಿಕೊಂಡು ದಂಡೆ ಸೇರಬೇಕಲ್ಲ, ಅದಕ್ಕೆ ಅದನ್ನು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಪೆಟ್ಟಿಗೆಯ ಮೇಲೆ ಅದರ ಹೆಸರು ಬರೆಸಬೇಕು. ಜಾಗ ಮೂರು ಅಕ್ಷರಕ್ಕಷ್ಟೇ ಇದೆ.